ಸಣ್ಣಬಸಪ್ಪನ ಗುರುತಿನ ಪುಸ್ತಕ

ಆಂಧ್ರದ ಗಡಿ ಊರು ರಾಯದುರ್ಗದ ಬಜಾರಿನಲ್ಲಿ ಸಣ್ಣಬಸಪ್ಪನ ಬಾಯಿಯಷ್ಟು ಭದ್ರವಾದ ವಸ್ತು ಇನ್ನೊಂದಿರಲಿಲ್ಲ. ಬೆಟ್ಟದ ಮೇಲಿನ ಕೋಟೆಯಾದರೂ ಒಂದೆರಡು ಸಲ ಕೈ ಬದಲಿಸಿತ್ತು ಎನ್ನುತ್ತಾರೆ. ಸಣ್ಣಬಸಪ್ಪನ ಬಾಯಿಗೆ ಮಾತ್ರ ಐವತ್ತೇಳು ವರ್ಷದಲ್ಲಿ ಯಾವ ಸೈನ್ಯವೂ ಲಗ್ಗೆ ಹಾಕಿ ಗೆದ್ದಿರಲಿಲ್ಲ.

ಬಟ್ಟೆ ಅಂಗಡಿಯವನಿಗೆ ಸುತ್ತಿನ ಹಳ್ಳಿಗಳ ಗುಟ್ಟೆಲ್ಲ ತಾನಾಗಿ ನಡೆದುಬರುತ್ತದೆ. ಯಾರ ಮಗಳನ್ನು ನೋಡಲು ಬರುತ್ತಿದ್ದಾರೆ, ಯಾರ ಸೊಸೆಗೆ ಏಳನೆಯ ತಿಂಗಳು, ಯಾರ ಮಾವ ಇನ್ನೂ ಉಸಿರಾಡುತ್ತಿರುವಾಗಲೇ ಮನೆಯವರು ಬಿಳಿ ಬಟ್ಟೆ ಒಯ್ದಿಟ್ಟುಕೊಂಡರು, ಇದೆಲ್ಲ ಡಾಕ್ಟರಿಗಿಂತ, ಮಠದ ಅಯ್ಯನವರಿಗಿಂತ ಮೊದಲು ಗಜಕಡ್ಡಿ ಹಿಡಿದವನಿಗೆ ತಿಳಿಯುತ್ತದೆ. ಎದುರಂಗಡಿಯವನು ಹಲ್ಲು ಕಿರಿದು, "ಈಗ ಹೋದ್ರಲ್ಲ, ಏನ್ ತಗಂಡ್ರು ಸಣ್ಣಬಸಪ್ಪಾರು?" ಎಂದು ಕೇಳಿದರೆ ಸಣ್ಣಬಸಪ್ಪ ಬಹಳ ಹೊತ್ತು ಯೋಚಿಸಿ, "ಬಟ್ಟಿ" ಎನ್ನುತ್ತಿದ್ದ.

ದುಡ್ಡಿನ ಗಲ್ಲೆಯ ಪಕ್ಕ ಕೂತಿರುತ್ತಿದ್ದ ಹೆಂಡತಿ ಶಂಕ್ರಮ್ಮನಿಗೆ ಈ ಗುಣದ ಬಗ್ಗೆ ಹೆಮ್ಮೆಯೂ ಇತ್ತು, ಸಿಟ್ಟೂ ಇತ್ತು. "ಸಾರಿಗೆ ಉಪ್ಪು ಕಮ್ಮಿ ಆಗೇತಂತನೂ ಈ ಮನಷ್ಯಾ ಬಾಯಿ ಬಿಡಂಗಿಲ್ಲ. ನೀರು ಕುಡಿಯೋದು ನೋಡಿ ನಾನೇ ತಿಳ್ಕಬೇಕು" ಎನ್ನುತ್ತಿದ್ದಳು.

ಆದರೆ ಬಾಯಿ ಮುಚ್ಚಿದವನ ಕೈ ಸುಮ್ಮನಿರುವುದಿಲ್ಲ. ಸಣ್ಣಬಸಪ್ಪ ಬರೆಯುತ್ತಿದ್ದ. ಕೆಂಪು ರಟ್ಟಿನ ಉದ್ದ ಪುಸ್ತಕ, ಅದರಲ್ಲಿ ಗಿರಾಕಿಗಳ ಹೆಸರು, ಊರು, ಫೋನ್ ನಂಬರು. ಹೇಳಿದ ಸೀರೆ ಬಂದರೆ ತಿಳಿಸಲು, ಎರಡು ವರ್ಷ ಬಿಟ್ಟು ಬಂದವರನ್ನೂ ಹೆಸರು ಹಿಡಿದು ಕೂರಿಸಲು. ಈ ಸೀಮೆಯಲ್ಲಿ ಬರೀ ಹೆಸರು ಬರೆದರೆ ಏನೂ ಬರೆದಂತಾಗುವುದಿಲ್ಲ. ಒಂದು ದೇವರಿಗೆ ಹರಕೆ ಹೊತ್ತ ಹತ್ತು ಹಳ್ಳಿಯಲ್ಲಿ ಹತ್ತು ಓಣಿ ತುಂಬ ಓಬಳಪ್ಪಂದಿರು, ಇಪ್ಪತ್ತು ಓಣಿ ತುಂಬ ಪಾಲಮ್ಮಂದಿರು. ಹೀಗಾಗಿ ಪ್ರತಿ ಹೆಸರಿನ ಹಿಂದೆ ಸಣ್ಣಬಸಪ್ಪ ತನಗೊಬ್ಬನಿಗೇ ಗೊತ್ತಿರುವ ಒಂದು ಗುರುತು ಹಾಕುತ್ತಿದ್ದ. ನಸ್ಯದ ಕದರಮ್ಮ. ಚೌಕಾಸಿ ಓಬುಲೇಶ್. ಇಡೀ ಅಂಗಡಿಯ ಬಟ್ಟೆಯ ಥಾನುಗಳನ್ನೆಲ್ಲ ಬಿಚ್ಚಿಸಿ, ಕರವಸ್ತ್ರ ಕೊಂಡು ಹೋಗುವವನು ಥಾನುಬಿಚ್ಚ ಸೂರಪ್ಪ. ಬಾಯಿಂದ ಆಚೆ ಬರದ ಇಷ್ಟು ವರ್ಷದ ಮಾತೆಲ್ಲ ಹೀಗೆ ಆ ಪುಸ್ತಕಕ್ಕೆ ಇಳಿದಿತ್ತು. ಒಟ್ಟು ಆರುನೂರ ಹನ್ನೆರಡು ಜನ. ಆ ಪುಸ್ತಕವನ್ನು ಶಂಕ್ರಮ್ಮನಿಗೂ ತೋರಿಸಿರಲಿಲ್ಲ. ಅದರಲ್ಲಿ ಅವಳ ತವರಿನವರೂ ಇದ್ದರು.

ಹೀಗಿರುವಾಗ, ಈ ವರ್ಷದ ಬೇಸಿಗೆಯಲ್ಲಿ, ಗುಮ್ಮಘಟ್ಟದ ಕಡೆಯ ಒಂದು ಹಳ್ಳಿಯಿಂದ ಪಾಲಮ್ಮ ಸಂತೆಗೆ ಬಂದವಳು ಅಂಗಡಿಯ ಮೆಟ್ಟಿಲು ಹತ್ತಿದಳು. ನಲವತ್ತರ ಆಸುಪಾಸಿನ ಹೆಂಗಸು, ಕುರಿಯವರ ಮನೆತನ. ಹತ್ತು ವರ್ಷದ ಗಿರಾಕಿ. ಚಾಪೆಯ ಮೇಲೆ ಕೂರಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಗುಂಡಿ ಫೋನು ತೆಗೆದು ಗಲ್ಲೆಯ ಮೇಲೆ ಕುಕ್ಕಿದಳು.

"ಸಾವ್ಕಾರ್ರೇ, ನನ್ನ ನಂಬರು ನಿಮ್ಮ ಪುಸ್ತಕದಿಂದ ತಗೀರಿ."

"ಯಾಕವ್ವ? ಏನಾತು?"

"ಏನಾತು ಅಂತ ಕೇಳ್ತೀರಲ್ಲ! ಸಾಲ ಬೇಕಾ, ಸೈಟು ಬೇಕಾ, ಪಾಲಸಿ ಬೇಕಾ ಅಂತ ದಿನಕ್ಕ ಎಂಟು ಹತ್ತು ಫೋನು. ನಾನು ನಂಬರು ಕೊಟ್ಟಿದ್ದು ಇಬ್ರಿಗೆ. ನಮ್ಮ ಮನಿಯಾತಗ, ನಿಮಗ. ಆತಂತೂ ಮಾರಂಗಿಲ್ಲ."

ಪುಕ್ಕಟೆ ಸಲಹೆ ಕೊಡುವುದರಲ್ಲಿ ಶಂಕ್ರಮ್ಮ ಮುಂದು. "ಗುರ್ತಿಲ್ಲದ ನಂಬರು ಬಂದ್ರ ಎತ್ತಬ್ಯಾಡ ಬಿಡು. ನಾನು ಎತ್ತಂಗಿಲ್ಲ ನೋಡು."

ಪಾಲಮ್ಮ ಅವಳ ಕಡೆ ತಿರುಗಿದಳು. "ನಿಮ್ಮ ಯಜಮಾನ್ರು ಇಲ್ಲೇ ಕುಂತಾರಕ್ಕ. ನಮ್ಮಾತ ಕುರಿ ಹೊಡಕಂಡು ಹೊಳಿ ಕಡಿ ಹೋಗಿ ಮೂರು ತಿಂಗಳಾತು. ಆತನ ಫೋನು ನೀರಾಗ ಬಿತ್ತು. ಯಾವ ಊರ ಹೊಲದಾಗ ಕುರಿ ನಿಲ್ಲಿಸ್ತಾನೋ, ಆ ಹೊಲದೋರ ಕೈಯಾಗಿಂದ ಫೋನ್ ಮಾಡ್ತಾನ. ಗುರ್ತಿಲ್ಲದ ನಂಬರಂದ್ರ ನನಗ ನಮ್ಮ ಓಬಳಪ್ಪನೇ ಆಗಿರ್ತಾನ."

ಶಂಕ್ರಮ್ಮ ಚಾಪೆಯನ್ನು ಅವಳ ಕಡೆ ಸರಿಸಿದಳು. ಪಾಲಮ್ಮ ನಿಂತೇ ಮಾತು ಮುಂದುವರಿಸಿದಳು.

"ಹೋದ ವಾರ ಆತಗ ಜ್ವರ ಬಂದು ಮೂರು ಸಲ ಮಾಡ್ಯಾನ. ಮೂರು ಸಲನೂ ಲೈನ್ ಬಿಜಿ. ಯಾವಳೋ ಒಬ್ಬಾಕಿ ನನಗ ಕಾರು ಮಾರಾಕ ಹತ್ತಿದ್ಲು. ನಾಕು ದಿನ ಆತ ಸತ್ತಾನೋ ಇದ್ದಾನೋ ತಿಳೀಲಿಲ್ಲ."

ಸಣ್ಣಬಸಪ್ಪ ಎದ್ದು ನಿಂತ. ತಂದೆಯ ಕಾಲದಿಂದ ಅಂಗಡಿಯ ಹೊಸಿಲು ದಾಟದ ಗಿರಾಕಿಯ ಮಾತು ಈಗ ದಾಟಿದೆ ಎಂಬ ಆಪಾದನೆ! "ಪಾಲಮ್ಮ, ನನ್ನ ಅಂಗಡಿಯಿಂದ ಹೋಗಿಲ್ಲ. ಯಾರು ಕೊಟ್ಟಾರಂತ ನಾನೇ ಹಿಡೀತೀನಿ. ಹಿಡಿಯಲಿಲ್ಲಾಂದ್ರ ನನ್ನ ಬಾಗಲಿಗೆ ಬರಬ್ಯಾಡ."

ಮರುದಿನವೇ ಯುದ್ಧಸಿದ್ಧತೆ ಶುರುವಾಯಿತು. ಇನ್ನೂರು ಹಾಳೆಯ ಹೊಸ ರಿಜಿಸ್ಟರು ಬಂತು. ಗಜಕಡ್ಡಿಯನ್ನೇ ಅಡ್ಡ ಇಟ್ಟು ಆರು ಕಾಲಂ ಎಳೆದ: ತಾರೀಖು, ಹೊತ್ತು, ನಂಬರು, ಯಾವ ಭಾಷೆ, ಯಾವ ಹೆಸರಿನಿಂದ ಕರೆದರು, ಏನು ಮಾರಿದರು. ಮುಖಪುಟದ ಮೇಲೆ ದಪ್ಪ ಅಕ್ಷರದಲ್ಲಿ 'ಬೇಡದ ಕರೆಗಳು' ಎಂದು ಬರೆದು, ಕೆಳಗೆ ಒಂದು ಗೆರೆ ಸಾಲದೆಂದು ಎರಡು ಗೆರೆ ಎಳೆದ. ಜಗತ್ತಿನ ದೊಡ್ಡ ದೊಡ್ಡ ಯುದ್ಧಗಳಿಗೂ ಇಷ್ಟು ಒಪ್ಪವಾದ ಕಾಲಂ ಇದ್ದಿರಲಾರದು.

ಪ್ರತಿ ಸಂತೆಗೆ ಪಾಲಮ್ಮ ಬಂದು ವಾರದ ವರದಿ ಒಪ್ಪಿಸುತ್ತಿದ್ದಳು. ನಂಬರುಗಳನ್ನು ಸಣ್ಣಬಸಪ್ಪ ಅವಳ ಫೋನಿನಿಂದ ಇಳಿಸಿಕೊಳ್ಳುತ್ತಿದ್ದ. ಉಳಿದದ್ದು ಅವಳ ನೆನಪು. ಗಡಿಯಾರದ ಹೊತ್ತು ಅವಳಿಗೆ ಬೇಕಿರಲಿಲ್ಲ. "ಮರಿಗೆ ಸೊಪ್ಪು ಕೊಯ್ಯೋವಾಗ ಸಾಲದಾಕಿ. ರೊಟ್ಟಿ ಬಡಿಯೋವಾಗ ಪಾಲಸಿಯಾತ, ತೆಲುಗು. ಕುಂಟ ಕುರಿಗೆ ಎಣ್ಣಿ ಹಚ್ಚೋವಾಗ ಸೈಟಿನಾತ. ಎಣ್ಣಿ ಕೈಯಾಗೇ ಎತ್ತಿದೆ, ಫೋನ್ ಜಾರಿ ಬಿತ್ತು." ಸಣ್ಣಬಸಪ್ಪ ಎಲ್ಲವನ್ನೂ ಹಾಗೆಯೇ ಬರೆಯುತ್ತಿದ್ದ. 'ಹೊತ್ತು' ಎಂಬ ಕಾಲಮ್ಮಿನಲ್ಲಿ 'ಕುಂಟ ಕುರಿ, ಎಣ್ಣೆ' ಎಂದು ದಾಖಲಾಯಿತು. ಬೇಡದ ಕರೆ ತಡೆಯಲು ಇರುವ ಸರ್ಕಾರಿ ಪಟ್ಟಿಗೆ ಅವಳ ನಂಬರನ್ನು ಸೇರಿಸಿಯೂ ಆಯಿತು. ಒಂದಿಷ್ಟು ಕರೆ ನಿಂತವು. ಉಳಿದವು ದಿನಕ್ಕೊಂದು ಹೊಸ ವೇಷದಲ್ಲಿ ಬಂದವು.

ಐದನೆಯ ಕಾಲಂ ಬಂದಾಗ ಮಾತ್ರ ಪಾಲಮ್ಮ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

"ಯಾವ ಹೆಸ್ರು ಹಿಡಿದು ಕರೀತಾರವ್ವ?"

"ಏನೋ ಒಂದು ಕರೀತಾರ. ಅದನ್ನ ಬರೀಬ್ಯಾಡ್ರಿ."

ಮೂರನೆಯ ಸಂತೆಯ ದಿನ, ಅವಳು ಅಂಗಡಿಯಲ್ಲಿ ಕೂತಿದ್ದಾಗಲೇ ಫೋನು ಬಡಿದುಕೊಂಡಿತು. ಹೊಸ ನಂಬರು. ಪಾಲಮ್ಮ ಎರಡೂ ಕೈಯಿಂದ ಅದನ್ನು ಹಿಡಿದು, "ಹಲೋ, ಹಲೋ, ಯಾವ ಊರಾಗ ಅದೀಯ?" ಎಂದಳು. ಆಮೇಲೆ ಅವಳ ಮುಖ ಸಪ್ಪಗಾಯಿತು. ಸಣ್ಣಬಸಪ್ಪ, ಕಡೆಗೂ ಶತ್ರು ಮೈದಾನಕ್ಕೆ ಇಳಿದನೆಂಬ ಸಂಭ್ರಮದಲ್ಲಿ ಫೋನು ಇಸಿದುಕೊಂಡು ಸ್ಪೀಕರ್ ಗುಂಡಿ ಒತ್ತಿದ.

"ನಮಸ್ಕಾರ, ನಾನು ಸುಶ್ಮಿತಾ ಅಂತ ಮಾತಾಡ್ತಿರೋದು. ಒಂಟಿ ಪಾಲಮ್ಮ ಅವರ ಜೊತೆ ಮಾತಾಡ್ತಿದೀನಾ?"

ಸಣ್ಣಬಸಪ್ಪ ಪೆನ್ನನ್ನು ರಿಜಿಸ್ಟರಿನ ಮೇಲಿಟ್ಟು ಫೋನನ್ನು ಬಾಯಿಯ ಹತ್ತಿರ ತಂದ.

"ಏನಂತ ಕರೆದ್ರಿ ನೀವು?"

"ಒಂಟಿ ಪಾಲಮ್ಮ, ಸರ್. ಸ್ಕ್ರೀನ್ ಮೇಲೆ ಹಂಗೇ ಇದೆಯಲ್ಲ ಸರ್. ಇಂಟಿಪೇರು ಒಂಟಿ, ಹೆಸರು ಪಾಲಮ್ಮ. ತಪ್ಪಿದ್ರೆ ಹೇಳಿ ಸರ್, ತಿದ್ಕೋತೀನಿ." ಹುಡುಗಿಯ ದನಿಯಲ್ಲಿ ಮರ್ಯಾದೆ ತುಂಬಿತ್ತು. ತೆಲುಗು ಸೀಮೆಯಲ್ಲಿ ಹೆಸರಿಗೆ ಮೊದಲು ಬರುವ ಮನೆತನದ ಹೆಸರನ್ನು ಅವಳು ಎಷ್ಟು ಭಕ್ತಿಯಿಂದ ಓದಬೇಕೋ ಅಷ್ಟೇ ಭಕ್ತಿಯಿಂದ ಓದಿದ್ದಳು.

ಪಾಲಮ್ಮ ನೆಲ ನೋಡುತ್ತ ಹೇಳಿದಳು: "ನಮ್ಮ ಮನಿತನಕ್ಕ ಅಂಥ ಹೆಸ್ರಿಲ್ಲ. ಆತ ಊರಾಗಿಲ್ಲ, ಮಗಳನ್ನ ಕಟ್ಟಿಕೊಂಡು ನಾನು ಒಬ್ಬಾಕೇ ಇರ್ತೀನಂತ ಇವರಿಗೆ ಯಾರೋ ಹೇಳ್ಯಾರ. ಯಾರ್ಯಾರಿಗೆ ಗೊತ್ತೈತೋ ಏನೋ. ಸಂಜಿ ಆದ್ರ ಬಾಗಲಾ ಎರಡೆರಡು ಸಲ ನೋಡ್ತೀನಿ."

ಸಣ್ಣಬಸಪ್ಪ ಫೋನು ಕಟ್ ಮಾಡಿ ಅವಳ ಕೈಗೆ ಕೊಟ್ಟ. ಅವಳು ಹೋದ ಮೇಲೆ ಕೆಂಪು ರಟ್ಟಿನ ಪುಸ್ತಕ ತೆಗೆದ. ತೆಗೆಯುವ ಅಗತ್ಯವಿರಲಿಲ್ಲ; ಹತ್ತು ವರ್ಷದ ಕೆಳಗೆ ತಾನೇ ಬರೆದದ್ದು ನೆನಪಿತ್ತು. ಉಳಿದ ಪಾಲಮ್ಮಂದಿರು ಗಂಡ, ಅತ್ತೆ, ನಾದಿನಿಯರ ದಂಡು ಕಟ್ಟಿಕೊಂಡು ಬರುತ್ತಿದ್ದರು; ಈ ಪಾಲಮ್ಮ ಯಾವಾಗಲೂ ಒಬ್ಬಳೇ. 'ಪಾಲಮ್ಮ – ಒಂಟಿ.' ಕಳ್ಳನನ್ನು ಹಿಡಿಯಲು ಹೊರಟ ಮಹಾವೀರ ಹೆಜ್ಜೆಗುರುತು ಹಿಡಿದು ಹಿಡಿದು ಕಡೆಗೆ ತನ್ನ ಚಪ್ಪಲಿಯ ಮುಂದೆಯೇ ಬಂದು ನಿಂತಿದ್ದ.

ಪುಸ್ತಕ ಹೊರಗೆ ಹೋದದ್ದು ಒಂದೇ ಸಲ. ಹೋದ ಯುಗಾದಿಗೆ ಮೊದಲು ಮಡಕಶಿರದ ಮದುವೆಯೊಂದರಲ್ಲಿ ರೇಣುಕಾಪ್ರಸಾದ್ ಎಂಬವನ ಪರಿಚಯವಾಗಿತ್ತು. ಗಿರಾಕಿಗಳಿಗೆಲ್ಲ ಒಂದೇ ಏಟಿಗೆ ಫೋನಿನಲ್ಲಿ ಹಬ್ಬದ ಶುಭಾಶಯ ಕಳಿಸಿಕೊಡುವುದು ಅವನ ಉದ್ಯೋಗ. ಎದುರಂಗಡಿಯವನು ಶುಭಾಶಯ ಕಳಿಸಿದ್ದಾನೆ, ತಾನೇಕೆ ಕಡಿಮೆ ಎಂದು ಸಣ್ಣಬಸಪ್ಪ ಎರಡು ದಿನದ ಮಟ್ಟಿಗೆ ಪುಸ್ತಕ ಕೊಟ್ಟಿದ್ದ. ಬಾಯಿಯ ಬಾಗಿಲಿಗೆ ಬೀಗ ಹಾಕಿ, ಹಿತ್ತಿಲ ಬಾಗಿಲಿನಿಂದ ಇಡೀ ಪೆಟ್ಟಿಗೆಯನ್ನೇ ದಾಟಿಸಿದಂತಾಗಿತ್ತು.

ಎರಡು ಬಸ್ಸು ಬದಲಿಸಿ ಮಡಕಶಿರಕ್ಕೆ ಹೋದ. ಬಸ್ ನಿಲ್ದಾಣದ ಹಿಂದಿನ ಒಂದು ಕೋಣೆಯಲ್ಲಿ ರೇಣುಕಾಪ್ರಸಾದ್ ಎಳನೀರು ಕುಡಿಯುತ್ತ ಕೂತಿದ್ದ. ಸಂಕೋಚವಾಗಲಿ ಭಯವಾಗಲಿ ಅವನ ಮುಖದಲ್ಲಿರಲಿಲ್ಲ.

"ಅಯ್ಯೋ ಬಸಪ್ಪಣ್ಣ, ಅದುಕ್ಯಾಕೆ ಅಷ್ಟು ದೂರದಿಂದ ಬಂದ್ರಿ? ಫಾರಮ್ಮಲ್ಲಿ ಇಂಟಿಪೇರು ಅಂತ ಒಂದು ಕಾಲಂ ಇರ್ತೈತೆ. ಖಾಲಿ ಬಿಟ್ರೆ ಕಂಪ್ಯೂಟ್ರು ಮುಂದುಕ್ಕೇ ಓಗಲ್ಲ. ನೀವು ಎಲ್ಲಾರ್ಗೂ ಒಂದೊಂದು ಪದ ಬರ್ದಿದ್ರಲ್ಲ, ಮನೆತನ ಅನ್ಕಂಡು ಅದುನ್ನೇ ಆಕಿವ್ನಿ."

"ಥಾನುಬಿಚ್ಚ ಅಂತ ಮನಿತನ ಇರ್ತೈತೇನೋ?"

"ನಿಮ್ಮ ಕಡೆ ಏನೇನಿರ್ತೈತೋ ನಮಗೇನು ಗೊತ್ತಣ್ಣ?"

"ಹೋಗ್ಲಿ, ಆ ಪಟ್ಟಿ ಬ್ಯಾರೇವ್ರಿಗೆ ಯಾಕ ಕೊಟ್ಟಿ?"

"ಕೇಳುದ್ರು, ಕೊಟ್ಟೆ. ಅವ್ರ ಪಟ್ಟೀನೂ ನಂಗೆ ಕೊಡ್ತಾರೆ. ನೀವೂ ಪುಸ್ತಕ ಕೊಡೋವಾಗ ಗಿರಾಕಿಗಳ್ನ ಕೇಳಿದ್ರಾ?"

ಸಣ್ಣಬಸಪ್ಪ ಚೀಲದಿಂದ ಒಂದು ಹಾಳೆ ತೆಗೆದ. ಪಟ್ಟಿ ಅಳಿಸಬೇಕು, ಯಾರ್ಯಾರಿಗೆ ಕೊಟ್ಟಿದ್ದಾನೋ ಅವರಿಗೂ ಅಳಿಸಲು ಹೇಳಬೇಕು ಎಂದು ಕಾಗದ ಬರೆದು, ಅವನ ಸಹಿ ಹಾಕಿಸಿಕೊಂಡು ಎದ್ದ. ಅವನು ತನ್ನ ಕಂಪ್ಯೂಟರಿನಲ್ಲಿ ಅಳಿಸಿದ್ದನ್ನು ಕಣ್ಣಾರೆ ನೋಡಿದ. ಉಳಿದವರು ಅಳಿಸುತ್ತಾರೆಯೇ? "ಎಂಗೇಳದು ಅಣ್ಣ" ಎಂದ ರೇಣುಕಾಪ್ರಸಾದ್, ಎಳನೀರಿನ ಗಂಜಿ ಕೆರೆಯುತ್ತ.

ವಾಪಸು ಬರುವಾಗ ಬಸ್ಸಿನ ಕಿಟಕಿಯಾಚೆ ಒಣ ಹೊಲಗಳು ಸರಿಯುತ್ತಿದ್ದವು. ತಪ್ಪು ಅಳತೆಗೆ ಹರಿದ ಬಟ್ಟೆಯನ್ನು ದಿಂಬಿನ ಚೀಲಕ್ಕಾದರೂ ಹಚ್ಚಬಹುದು. ಇದನ್ನು ಏನು ಮಾಡುವುದು? ಒಬ್ಬ ಹೆಂಗಸು ಒಬ್ಬಳೇ ಇರುತ್ತಾಳೆ ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ, ನಿಜ. ಆದರೆ ಬರೆದದ್ದೇಕೆ? ಅವಳ ಜೊತೆಗೆ ಕುರಿಗಳಿದ್ದವು, ಮಗಳಿದ್ದಳು, ದೂರದ ಹೊಲದಿಂದ ಎರಡು ದಿನಕ್ಕೊಮ್ಮೆ ಕೂಗುವ ಗಂಡನಿದ್ದ. ಅವಳು ಅಂಗಡಿಯಲ್ಲಿದ್ದ ಅರ್ಧ ತಾಸು ನೋಡಿ ಅವಳ ಬಾಳಿಗೆ ಹೆಸರಿಟ್ಟವನು ಅವನು.

ಮುಂದಿನ ಸಂತೆಗೆ ಪಾಲಮ್ಮ ಬಂದಾಗ ಮುಖ ಅರಳಿತ್ತು. ಮಗಳು ಜ್ಯೋತಿಯನ್ನು ನೋಡಲು ಹದಿಮೂರು ದಿನಕ್ಕೆ ಗಂಡಿನವರು ಬರುತ್ತಾರೆ, ಹಸಿರು ಸೀರೆ ಬೇಕು, ಕೆಂಪಂಚಿನದು, ಕೂಡಿಬರುವ ತನಕ ಯಾರಿಗೂ ತಿಳಿಯಬಾರದು. ಸಣ್ಣಬಸಪ್ಪ ಆ ಅಂಚು ತರಿಸುತ್ತೇನೆಂದು ಒಪ್ಪಿಕೊಂಡ. ಆಮೇಲೆ ಪುಸ್ತಕ ಬಿಚ್ಚಿ ಅವಳ ಮುಂದಿಟ್ಟ. ಅವಳಿಗೆ ಓದಲು ಬಾರದು, ಅವನೇ ಓದಿದ. ತನ್ನ ಬಾಯಿಂದ ಆ ಪದ ಹೊರಬಂದದ್ದು ಅದೇ ಮೊದಲು.

"ನಾನೇ ಪಾಲಮ್ಮ. ಹೊರಗ ಕೊಟ್ಟೋನೂ ನಾನೇ."

ಬೈಗುಳ ಬಂದಿದ್ದರೆ ಅವನು ತಾಳಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಫೋನನ್ನು ಸೆರಗಿಗೆ ಕಟ್ಟಿಕೊಂಡು, "ಅದನ್ನ ಹೊಡೀರಿ. ನಂಬರೂ ಹೊಡೀರಿ. ನೀವೂ ಮಾಡಬ್ಯಾಡ್ರಿ. ಫೋನು ಬಂದ್ರ ಅದು ಆತಂದೇ ಆಗಿರ್ಬೇಕು" ಎಂದಳು.

"ಸೀರಿ ಬಂದ್ರ ಹೆಂಗ ತಿಳಿಸ್ಲವ್ವ?"

"ಸಂತಿಗೆ ಬರ್ತೀನಲ್ಲ. ಬಂದಿದ್ರ ಒಯ್ತೀನಿ."

ಅವನು ಆ ಸಾಲನ್ನು ಹೊಡೆದ. ಒಂದು ಗೆರೆಯಲ್ಲ, ಮಸಿ ಹಾಳೆಯ ಆಚೆಗೂ ಮೂಡುವ ತನಕ ಹೊಡೆದ.

ಇನ್ನು ಆರುನೂರ ಹನ್ನೊಂದು. ಎಲ್ಲರಿಗೂ ತಿಳಿಸಬೇಕು, ಬೇಡವೆಂದವರ ಹೆಸರು ತೆಗೆಯಬೇಕು ಎಂದು ಸಣ್ಣಬಸಪ್ಪ ನಿರ್ಧರಿಸಿದ. ತಿಳಿಸುವುದು ಹೇಗೆ? ಫೋನಿನಲ್ಲಿ. ಹೀಗೆ ಬೇಡದ ಕರೆಗಳ ಮೇಲೆ ಸಮರ ಸಾರಿದ ಸೇನಾಪತಿ, ದಿನಕ್ಕೆ ಅರವತ್ತು ಬೇಡದ ಕರೆ ಮಾಡುವವನಾದ.

"ನಮಸ್ಕಾರ, ನಾನು ರಾಯದುರ್ಗದಿಂದ..." ಎನ್ನುವಷ್ಟರಲ್ಲಿ ಮೊದಲ ಹನ್ನೊಂದು ಜನ ಕಟ್ ಮಾಡಿದರು. ಸಣ್ಣಕ್ಕ ಎಂಬವಳು, "ನಿನ್ನ ಓಟಿಪಿ ಹೇಳೋ ಮೊದ್ಲು, ಕಳ್ಳ ನನ್ಮಗನೇ" ಎಂದು ಅವನನ್ನೇ ಅಟ್ಟಿಸಿಕೊಂಡು ಬಂದಳು. ಕದರಮ್ಮ ಪೂರ್ತಿ ಕೇಳಿ, "ನಸ್ಯ ಬಿಟ್ಟು ಎರಡು ವರ್ಷಾತು. ಯಾರ್ಯಾರಿಗೆ ಕೊಟ್ಟೀಯೋ ಅವರಿಗೆಲ್ಲ ತಿದ್ದಿ ಕಳಿಸು" ಎಂದಳು. ಸೂರಪ್ಪ ಕೇಳಿದ: "ಅಲ್ರಿ, ಒಬ್ಬನ್ನ ಮುಂದ ಕುಂದರಿಸಿ ಚಾ ಕೊಡ್ತಾ ಹಿಂಗ ಬರೀತಿದ್ರೇನು?" ಸಣ್ಣಬಸಪ್ಪ ಹೌದೆಂದ. "ನನ್ನ ಕೈಲೆ ಎಲ್ಲಾನೂ ಕೊಳ್ಳೋಕ ಆಗಂಗಿಲ್ರಿ. ಅದ್ಕ ನೋಡ್ತಿದ್ದೆ" ಎಂದು ಸೂರಪ್ಪ ಫೋನಿಟ್ಟ. ರಿಜಿಸ್ಟರಿನಲ್ಲಿ ಅವನ ಮುಂದೆ ಏನು ಬರೆಯಬೇಕೆಂದು ತಿಳಿಯದೆ ಸಣ್ಣಬಸಪ್ಪ ಆ ದಿನ ಮತ್ತೆ ಯಾರಿಗೂ ಕರೆ ಮಾಡಲಿಲ್ಲ.

"ನೀವೂ ಆ ಸುಶ್ಮಿತಾನ ಸಂಘಕ್ಕ ಸೇರಿದ್ರಿ ಬಿಡ್ರಿ" ಎಂದಳು ಶಂಕ್ರಮ್ಮ. ಆದರೆ ಮರುದಿನ ಅವಳೂ ಫೋನು ಹಿಡಿದು ಕೂತಳು. ತವರಿನವರ ಸಾಲು ತನಗೇ ಬೇಕೆಂದಳು. ಅಲ್ಲಿ ತಮ್ಮನ ಮುಂದೆ ಬರೆದದ್ದನ್ನು ಓದಿ ಎರಡು ದಿನ ಮಾತು ಬಿಟ್ಟಳು. ಇನ್ನೂರ ಇಪ್ಪತ್ತು ಜನ ಹೆಸರು ತೆಗೆಸಿದರು. ಮುಂದಿನ ಸಂತೆಯಲ್ಲಿ ಅಂಗಡಿಯ ಮುಂದೆ ಹಾದುಹೋದ ಕೆಲವರು ಬೇಕೆಂದೇ ಎದುರಂಗಡಿಯ ಮೆಟ್ಟಿಲು ಹತ್ತಿದರು.

ಆ ಸಂತೆಗೆ ಪಾಲಮ್ಮ ಬಂದಳು, ಆದರೆ ಸೀರೆ ಬಂದಿರಲಿಲ್ಲ. ಅದು ಬಂದದ್ದು ಸಂತೆ ಮುಗಿದ ಐದು ದಿನಕ್ಕೆ. ಗಂಡಿನವರು ಬರುವುದು ಮರುದಿನ. ಮುಂದಿನ ಸಂತೆ ಅದರಾಚೆ.

ಸಣ್ಣಬಸಪ್ಪ ಫೋನು ನೋಡಿದ. ಹೊಡೆದು ಹಾಕಿದ್ದರೂ ಆ ನಂಬರು ಅವನಿಗೆ ಬಾಯಿಪಾಠ. ಹತ್ತು ವರ್ಷದಿಂದ ಅವಳು ಹೇಳಿದ ಸೀರೆ ಬಂದಾಗಲೆಲ್ಲ ಅದನ್ನೇ ಒತ್ತಿದ್ದ. "ಒಂದು ಫೋನ್ ಹಚ್ಚಿ ಇಟ್ಟುಬಿಡ್ರಿ, ಆಕಿಗೇ ಒಳ್ಳೇದಲ್ಲೇನು?" ಎಂದಳು ಶಂಕ್ರಮ್ಮ. ಎಲ್ಲರೂ ಹಾಗೆಯೇ ಅಂದುಕೊಂಡು ಫೋನು ಮಾಡುತ್ತಾರೆ ಎಂದು ಅವನಿಗೆ ಈಗ ಗೊತ್ತಿತ್ತು. ಗುಮ್ಮಘಟ್ಟದ ಆಟೋದವನ ಕೈಗೆ ಕೊಡೋಣವೆಂದರೆ, ಅವನು ಗಂಟು ಬಿಚ್ಚದೆ ಬಿಡುವವನಲ್ಲ. ಹಸಿರು ಸೀರೆ ನೋಡಿದರೆ ಜ್ಯೋತಿಯ ಸಂಬಂಧದ ಸುದ್ದಿ ಆಟೋಗಿಂತ ಮುಂಚೆ ಊರು ಸೇರುತ್ತದೆ. ಉಳಿದದ್ದು ಒಂದೇ ದಾರಿ. ಅಂಗಡಿಯ ಹೊಸಿಲ ಒಳಗೇ ಆಳಿದ ದೊರೆ ಗಂಟನ್ನು ಕಂಕುಳಲ್ಲಿಟ್ಟುಕೊಂಡು, ಹನ್ನೊಂದು ಜನ ತುಂಬಿದ ಆಟೋದಲ್ಲಿ ಅರ್ಧ ಕುಂಡೆ ಊರಿ ಕೂತ.

"ಯಾರ ಮನಿಗ್ರಿ ಸಾವ್ಕಾರ್ರು?" "ಗಂಟಿನಾಗ ಏನ್ರಿ?" "ಸೀರಿ ಏನ್ರಿ? ಯಾರ ಮದಿವಿ?" ದಾರಿಯುದ್ದಕ್ಕೂ ದಾಳಿ ನಡೆಯಿತು. ಗುಂಡಿಯಲ್ಲಿ ಆಟೋ ಎಗರಿ ತಲೆ ಕಂಬಿಗೆ ಬಡಿದಾಗ "ಅಪ್ಪಾ" ಎಂದದ್ದು ಬಿಟ್ಟರೆ ಶತ್ರುಪಾಳಯಕ್ಕೆ ಅವನಿಂದ ಏನೂ ದಕ್ಕಲಿಲ್ಲ.

ಪಾಲಮ್ಮ ಅಂಗಳದಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಅವನನ್ನು ನೋಡಿ ಕುಡುಗೋಲು ಕೆಳಗಿಟ್ಟಳು. ಗಂಟು ಇಸಿದುಕೊಂಡು ಒಳಗೆ ಹೋಗಿ, ಬಾಗಿಲು ಅರ್ಧ ಮುಚ್ಚಿ, ಅಂಚು ನೋಡಿ ಹೊರಗೆ ಬಂದಳು.

"ಫೋನ್ ಮಾಡಿದ್ರ ನಾನೇ ಬರ್ತಿದ್ನಲ್ರಿ, ಈ ಬಿಸಲಾಗ ಯಾಕ ಬಂದ್ರಿ?"

"ನೀನು ಬ್ಯಾಡಂದಿದ್ದಿಯಲ್ಲವ್ವ."

ಪಾಲಮ್ಮ ಒಳಗಿನಿಂದ ನೀರಿನ ಚೊಂಬು ತಂದುಕೊಟ್ಟಳು. ಏನೋ ಹೇಳಹೊರಟಳು. ಅಷ್ಟರಲ್ಲಿ ಸೆರಗಿನ ಗಂಟಿನಲ್ಲಿ ಫೋನು ಬಡಿದುಕೊಂಡಿತು. ಬಿಚ್ಚಿ ನೋಡಿದಳು. ಹೊಸ ನಂಬರು. ಸಣ್ಣಬಸಪ್ಪ ಚೊಂಬು ಕೆಳಗಿಟ್ಟ. ಅಳಿಸದೆ ಉಳಿಸಿಕೊಂಡ ಯಾವನಾದರೂ ಈಗ, ತನ್ನೆದುರಿಗೇ, ಮತ್ತೆ ಆ ಹೆಸರಿನಿಂದ ಕರೆದರೆ?

"ಹಲೋ?" ಎಂದಳು ಪಾಲಮ್ಮ. ಸ್ವಲ್ಪ ಹೊತ್ತು ಬರೀ ಕೇಳಿದಳು. ಆಮೇಲೆ ಅವಳ ಭುಜ ಸಡಿಲವಾಯಿತು. "ಉಂಡ್ಯಾ? ... ಮತ್ತ ದನಿ ಯಾಕ ಹಂಗೈತಿ? ... ಇಲ್ಲೂ ಎಲ್ಲಾ ಆರಾಮ. ನಾಳಿಗೆ ಅವ್ರು ಬರ್ತಾರ..."

ಸಣ್ಣಬಸಪ್ಪ ಬೇಲಿ ದಾಟಿ ಬಂದು ಹುಣಸೆ ಮರದ ಕೆಳಗೆ, ಮನೆಗೆ ಬೆನ್ನು ಹಾಕಿ ನಿಂತ. ಅವಳು ನಗುವುದು ಇನ್ನೂ ಕೇಳಿಸುತ್ತಿತ್ತು. ಇನ್ನೂ ಹತ್ತು ಗಜ ಮುಂದೆ ನಡೆದ.